ಮೆಲನೋಮ ಅಲ್ಲದ ಚರ್ಮದ ಕ್ಯಾನ್ಸರ್: ಯಾವ ಗಡ್ಡೆಗೆ ಯಾವ ಚಿಕಿತ್ಸೆ?

ಬಯಾಪ್ಸಿ ರಿಪೋರ್ಟಿನಲ್ಲಿ ಕಾರ್ಸಿನೋಮ, ಅಂದರೆ ಒಂದು ಬಗೆಯ ಕ್ಯಾನ್ಸರ್, ಅಂತ ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅದರ ಬೆನ್ನಿಗೇ ಇನ್ನೊಂದು ತಲೆನೋವು ಶುರುವಾಗುತ್ತದೆ. ಒಬ್ಬ ಡಾಕ್ಟರ್ ಕತ್ತರಿಸಿ ಹೊಲಿಗೆ ಹಾಕೋಣ ಅನ್ನುತ್ತಾರೆ. ಇನ್ನೊಬ್ಬರು ಮೋಹ್ಸ್ ಸರ್ಜರಿ ಮಾಡಿಸಿಕೊಳ್ಳಿ ಅನ್ನುತ್ತಾರೆ. ಮುಲಾಮಿನಲ್ಲೇ ಹೋಗುತ್ತದೆ ಅಂತ ಯಾರೋ, ರೇಡಿಯೇಷನ್ ಸಾಕು ಅಂತ ಮತ್ಯಾರೋ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಂದೊಂದೂ ಯಾವುದೋ ಒಂದು ಗಡ್ಡೆಗೆ ಸರಿಯಾದ ಚಿಕಿತ್ಸೆಯೇ. ನಿಮ್ಮ ಗಡ್ಡೆಗೆ ಯಾವುದು ಅನ್ನುವುದು ಗೊತ್ತಾಗಬೇಕು, ಅಷ್ಟೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಎಲ್ಲ ದಾರಿಗಳನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಲಿಸಬಹುದು. ಗಡ್ಡೆಯ ಅಂಚು ಎಲ್ಲಿ ಮುಗಿಯಿತು ಅಂತ ಈ ವಿಧಾನದಲ್ಲಿ ಯಾರಾದರೂ ಕಣ್ಣಾರೆ ನೋಡುತ್ತಾರಾ? ನೋಡಿದರೆ ಅಂಚಿನ ಎಷ್ಟು ಭಾಗ ನೋಡುತ್ತಾರೆ? ನೋಡದೇ ಬಿಟ್ಟರೂ ನಡೆಯುವಂಥ ಗಡ್ಡೆಯಾ ನನ್ನದು? ಗಾಯದ ಗುರುತು, ಹೊಲಿಗೆ, ಸಮಯ, ಖರ್ಚು ಎಲ್ಲ ಮುಖ್ಯವೇ. ಆದರೆ ಅವು ಈ ಪ್ರಶ್ನೆಯ ನಂತರ ಬರಬೇಕು.

ಗಡ್ಡೆ ಯಾವ ಬಗೆಯದು, ಎಲ್ಲಿದೆ

ಮೆಲನೋಮ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಅದಲ್ಲದ ಚರ್ಮದ ಕ್ಯಾನ್ಸರುಗಳಲ್ಲಿ ಬಹುಪಾಲು ಎರಡೇ ಬಗೆ. ಬೇಸಲ್ ಸೆಲ್ ಕಾರ್ಸಿನೋಮ ಮತ್ತು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಡಾಕ್ಟರುಗಳ ಬಾಯಲ್ಲಿ ಇವು ಬಿಸಿಸಿ, ಎಸ್‌ಸಿಸಿ. ನಾನೂ ಹಾಗೇ ಬರೆಯುತ್ತೇನೆ.

ಬಿಸಿಸಿ ತುಂಬಾ ನಿಧಾನ ಬೆಳೆಯುತ್ತದೆ. ದೇಹದ ಬೇರೆ ಕಡೆಗೆ ಹರಡುವುದು ಅಪರೂಪದಲ್ಲಿ ಅಪರೂಪ. ಹಾಗಂತ ಸುಮ್ನೆ ಬಿಟ್ಟರೆ ಇದ್ದ ಜಾಗದಲ್ಲೇ ಒಳಗೆ ಕೊರೆಯುತ್ತಾ ಹೋಗುತ್ತದೆ. ಮೂಗಿನ ಮೃದ್ವಸ್ಥಿ, ಕಣ್ಣಿನ ರೆಪ್ಪೆ, ಕಿವಿ ಯಾವುದನ್ನೂ ಬಿಡುವುದಿಲ್ಲ. ಎಸ್‌ಸಿಸಿಯ ಸ್ವಭಾವ ಬೇರೆ. ಹೆಚ್ಚಿನವು ಆಪರೇಷನ್ನಿನಲ್ಲೇ ವಾಸಿಯಾಗುತ್ತವೆ. ನೂರರಲ್ಲಿ ಕೆಲವು ಮಾತ್ರ ಹತ್ತಿರದ ಲಿಂಫ್ ಗ್ರಂಥಿಗಳಿಗೆ ಹೋಗುತ್ತವೆ, ಹೋದ ಮೇಲೆ ವಿಷಯ ಗಂಭೀರ. ಆದ್ದರಿಂದ ಬಿಸಿಸಿಯಲ್ಲಿ ನಮ್ಮ ಚಿಂತೆ ಅದೇ ಜಾಗಕ್ಕೆ ಮತ್ತೆ ಬರುತ್ತದಾ ಅನ್ನುವುದು. ಎಸ್‌ಸಿಸಿಯಲ್ಲಿ ಅದರ ಜೊತೆಗೆ ಹರಡುತ್ತದಾ ಅನ್ನುವುದೂ ಸೇರುತ್ತದೆ.

ಕಪ್ಪು, ಗೋಧಿ ಬಣ್ಣದ ಚರ್ಮದವರು ಇಲ್ಲಿ ಒಂದು ವಿಷಯ ತಿಳಿದುಕೊಂಡಿರಬೇಕು. ಬಿಳಿ ಚರ್ಮದವರಲ್ಲಿ ಬಿಸಿಸಿ ಮುತ್ತಿನಂತೆ ಹೊಳೆಯುವ ಗುಲಾಬಿ ಗುಳ್ಳೆ. ನಮ್ಮಂಥವರಲ್ಲಿ ಅದೇ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ ಮಚ್ಚೆಯ ಹಾಗೆ ಕಾಣುವುದು ಹೆಚ್ಚು. ಎಸ್‌ಸಿಸಿಯಂತೂ ಬಿಸಿಲೇ ಬೀಳದ ಜಾಗದಲ್ಲೂ ಬರಬಹುದು. ಹಳೆಯ ಸುಟ್ಟ ಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಒಣಗದ ಹುಣ್ಣಿನಲ್ಲಿ ಬರುವ ಇದಕ್ಕೆ ಮಾರ್ಜೋಲಿನ್ ಅಲ್ಸರ್ ಅನ್ನುತ್ತಾರೆ. ನಮಗೆ ಚರ್ಮದ ಕ್ಯಾನ್ಸರ್ ಬರಲ್ಲ ಅನ್ನುವ ನಂಬಿಕೆಯಲ್ಲಿ ಇಂಥ ಹುಣ್ಣುಗಳು ಬಹಳ ಕಾಲ ಬರೀ ಡ್ರೆಸ್ಸಿಂಗಿನಲ್ಲೇ ಕಳೆಯುತ್ತವೆ. ಒಣಗದ ಹುಣ್ಣಿಗೆ ಬಯಾಪ್ಸಿ ಕೇಳಿ, ಸಂಕೋಚ ಬೇಡ.

ರಿಪೋರ್ಟಿನಲ್ಲಿ ಬಗೆಯ ಪಕ್ಕದಲ್ಲೇ ಉಪಬಗೆ ಬರೆದಿರುತ್ತಾರೆ. ಅದನ್ನು ಓದದೆ ಮುಂದೆ ಹೋಗಬೇಡಿ. ಬಿಸಿಸಿಯಲ್ಲಿ ಸೂಪರ್‌ಫಿಶಿಯಲ್ (ಮೇಲ್ಪದರದಲ್ಲೇ ಇರುವುದು), ನಾಡ್ಯುಲರ್ (ಗಂಟಿನಂಥದ್ದು) ಅಂತ ಇದ್ದರೆ ಅದು ಸ್ವಲ್ಪ ಸಾಧು ಜಾತಿ. ಇನ್‌ಫಿಲ್ಟ್ರೇಟಿವ್, ಮಾರ್ಫಿಯಫಾರ್ಮ್, ಮೈಕ್ರೋನಾಡ್ಯುಲರ್ ಅಂತ ಇದ್ದರೆ ಮೇಲೆ ಕಾಣುವುದಕ್ಕಿಂತ ಒಳಗೆ ಜಾಸ್ತಿ ಹಬ್ಬಿರುವ ಜಾತಿ. ಎಸ್‌ಸಿಸಿಯಲ್ಲಿ ನೋಡಬೇಕಾದ್ದು ಬೇರೆ: ಗಡ್ಡೆ 2 ಸೆಂ.ಮೀ. ದಾಟಿದೆಯಾ, ಪೂರ್ಲಿ ಡಿಫರೆನ್ಶಿಯೇಟೆಡ್ (ಕೋಶಗಳು ಸಹಜ ರೂಪ ಕಳೆದುಕೊಂಡಿವೆ) ಅಂತ ಬರೆದಿದ್ದಾರಾ, ನರದ ಸುತ್ತ ಹಬ್ಬಿದೆಯಾ, ಚರ್ಮದ ಕೆಳಗಿನ ಕೊಬ್ಬಿನ ಪದರವನ್ನೂ ದಾಟಿ ಹೋಗಿದೆಯಾ. ಎಷ್ಟು ಅಪಾಯ ಅನ್ನುವುದನ್ನು ಅಳೆಯುವಾಗ ಡಾಕ್ಟರುಗಳು ಎಣಿಸುವುದು ಇವನ್ನೇ.

ಇನ್ನು ಜಾಗ. ಮೂಗು, ಕಣ್ಣಿನ ಸುತ್ತ, ತುಟಿ, ಕಿವಿ ಮತ್ತು ಕಿವಿಯ ಸುತ್ತ ಬಂದವು ಮತ್ತೆ ಮರಳುವ ಸಾಧ್ಯತೆ ಜಾಸ್ತಿ. ಅಲ್ಲಿ ಕತ್ತರಿಸಲು ಹೆಚ್ಚುವರಿ ಚರ್ಮವೂ ಇಲ್ಲ. ಅದೇ ಬೆನ್ನಿನ ಮೇಲೆ, ತೋಳಿನ ಮೇಲೆ ಇದ್ದರೆ ಕೈ ಧಾರಾಳವಾಗಿ ಹೋಗಬಹುದು. ಒಮ್ಮೆ ತೆಗೆದ ಮೇಲೆ ಮತ್ತೆ ಬಂದಿದ್ದರೆ, ಅಥವಾ ಅಂಗಾಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಲೆಕ್ಕಾಚಾರವೇ ಬದಲಾಗುತ್ತದೆ.

ಸಾಮಾನ್ಯ ಎಕ್ಸಿಷನ್

ಗಡ್ಡೆಯ ಜೊತೆ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಿ, ಹೊಲಿಗೆ ಹಾಕುವುದು. ಹೆಚ್ಚಿನ ಗಡ್ಡೆಗಳಿಗೆ ಇದೇ ಸಾಕು. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ಆ ಸ್ವಲ್ಪ ಎಷ್ಟು? 1987ರಲ್ಲಿ ವುಲ್ಫ್ ಮತ್ತು ಜಿಟೆಲ್ಲಿ ಅನ್ನುವ ಇಬ್ಬರು ಡಾಕ್ಟರುಗಳು ಇದನ್ನೇ ಅಳೆದು ನೋಡಿದರು. 2 ಸೆಂ.ಮೀ.ಗಿಂತ ಚಿಕ್ಕದಾದ, ಅಂಚು ಸ್ಪಷ್ಟವಾಗಿ ಕಾಣುವ ಬಿಸಿಸಿಗಳಲ್ಲಿ ಸುತ್ತ 4 ಮಿ.ಮೀ. ಸೇರಿಸಿ ತೆಗೆದರೆ ಶೇ. 95ಕ್ಕೂ ಹೆಚ್ಚು ಸಲ ಗಡ್ಡೆ ಪೂರ್ತಿ ಬರುತ್ತದೆ ಅಂತ ತಿಳಿಯಿತು. ಎಸ್‌ಸಿಸಿಯಲ್ಲಿ ಕಡಿಮೆ ಅಪಾಯದ್ದಾದರೆ 4 ಮಿ.ಮೀ., ದೊಡ್ಡದು ಅಥವಾ ಅಪಾಯದ್ದಾದರೆ ಕನಿಷ್ಠ 6 ಮಿ.ಮೀ. ಅಂತ 1992ರ ಅಧ್ಯಯನ ಹೇಳಿತು. ಇವತ್ತಿಗೂ ಡಾಕ್ಟರುಗಳು ಚರ್ಮದ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯುವಾಗ ಬಹುಮಟ್ಟಿಗೆ ಈ ಅಳತೆಗಳೇ ಬಳಕೆಯಲ್ಲಿವೆ.

ಇದನ್ನು ನಿಮ್ಮ ಚರ್ಮದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಿ. 1 ಸೆಂ.ಮೀ. ಗಡ್ಡೆ. ಎರಡೂ ಪಕ್ಕ 4 ಮಿ.ಮೀ. ಸೇರಿಸಿದರೆ ಅಗಲ 1.8 ಸೆಂ.ಮೀ. ಹೊಲಿಗೆ ಮಟ್ಟಸವಾಗಿ ಕೂರಬೇಕು, ತುದಿಯಲ್ಲಿ ಉಬ್ಬಬಾರದು ಅಂದರೆ ಉದ್ದ ಅಗಲದ ಸುಮಾರು ಮೂರು ಪಟ್ಟು ಇರಬೇಕು. ಅಂದರೆ 5 ಸೆಂ.ಮೀ. ದಾಟುತ್ತದೆ. ಉಗುರಿನಷ್ಟು ಗಡ್ಡೆಗೆ ಬೆರಳುದ್ದದ ಗೆರೆ. ಬೆನ್ನಿನ ಮೇಲಾದರೆ ಯಾರಿಗೂ ತಲೆಬಿಸಿ ಇಲ್ಲ. ಮೂಗಿನ ತುದಿಯಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು?

ಈಗ ಅಂಚಿನ ವಿಷಯ. ಕತ್ತರಿಸಿದ ತುಂಡು ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಅದನ್ನು ಬ್ರೆಡ್ ಹೋಳು ಮಾಡಿದ ಹಾಗೆ ಅಡ್ಡಡ್ಡ ಕೊಯ್ದು, ಆ ಹೋಳುಗಳಿಂದ ತೆಳು ಪದರ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಎರಡು ಹೋಳುಗಳ ನಡುವಿನ ಭಾಗವನ್ನು ಯಾರೂ ನೋಡುವುದಿಲ್ಲ. ಒಟ್ಟು ಅಂಚಿನಲ್ಲಿ ಹೀಗೆ ಕಣ್ಣಿಗೆ ಬೀಳುವುದು ಶೇ. 1ಕ್ಕಿಂತಲೂ ಕಡಿಮೆ. ಗಡ್ಡೆ ದುಂಡಗೆ, ಒಂದೇ ಮುದ್ದೆಯಾಗಿ ಬೆಳೆದಿದ್ದರೆ ಇಷ್ಟು ನೋಡಿದರೂ ಸಾಕು. ಬೇರು ಬಿಟ್ಟ ಹಾಗೆ ಎಳೆಎಳೆಯಾಗಿ ಹಬ್ಬಿದ್ದರೆ ಒಂದು ಎಳೆ ಎರಡು ಹೋಳುಗಳ ಮಧ್ಯೆ ತಪ್ಪಿಸಿಕೊಂಡಿರಬಹುದು. ರಿಪೋರ್ಟಿನಲ್ಲಿ ಮಾರ್ಜಿನ್ ಕ್ಲಿಯರ್ ಅಂತಲೇ ಬಂದಿರುತ್ತದೆ. ಅದು ತಪ್ಪಲ್ಲ, ನೋಡಿದ ಜಾಗದಲ್ಲಿ ಕ್ಲಿಯರ್ ಅಂತ ಅದರ ಅರ್ಥ.

ಇನ್ನೊಂದು ಮಾತು. ಆ ರಿಪೋರ್ಟ್ ಬರುವುದು ಕೆಲವು ದಿನಗಳ ನಂತರ. ಅಷ್ಟರಲ್ಲಿ ಗಾಯ ಮುಚ್ಚಿರುತ್ತದೆ. ನೇರವಾಗಿ ಹೊಲಿದಿದ್ದರೆ ತೊಂದರೆಯಿಲ್ಲ, ಅದೇ ಗೆರೆಯ ಮೇಲೆ ಮತ್ತೆ ಕತ್ತರಿಸಬಹುದು. ಆದರೆ ಪಕ್ಕದ ಚರ್ಮವನ್ನು ತಿರುಗಿಸಿ ತಂದು ಫ್ಲಾಪ್ ಮಾಡಿ ಮುಚ್ಚಿದ್ದರೆ, ಆಮೇಲೆ ಒಂದು ಅಂಚಿನಲ್ಲಿ ಗಡ್ಡೆ ಉಳಿದಿದೆ ಅಂತ ಗೊತ್ತಾದರೆ, ಆ ಅಂಚು ಈಗ ಎಲ್ಲಿದೆ ಅಂತ ಹುಡುಕುವುದೇ ಕಷ್ಟ. ಆದ್ದರಿಂದ ಫ್ಲಾಪ್ ಬೇಕಾಗುತ್ತದೆ ಅಂತ ಹೇಳಿದರೆ ನೀವು ಕೇಳಲೇಬೇಕಾದ ಪ್ರಶ್ನೆ ಇದು: ಅಂಚಿನ ರಿಪೋರ್ಟ್ ಬಂದ ಮೇಲೆ ಮುಚ್ಚಬಹುದಾ? ಕೆಲವು ದಿನ ಡ್ರೆಸ್ಸಿಂಗಿನಲ್ಲಿ ಇರುವುದು ಕಿರಿಕಿರಿಯೇ. ಆದರೂ ನಾನಾದರೆ ಕಾಯುತ್ತೇನೆ.

ಮೋಹ್ಸ್ ಸರ್ಜರಿ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೋಹ್ಸ್ 1930ರ ದಶಕದಲ್ಲಿ ಶುರು ಮಾಡಿದ ವಿಧಾನ ಇದು. ಆಗ ಅವರು ಜಿಂಕ್ ಕ್ಲೋರೈಡ್ ಪೇಸ್ಟ್ ಹಚ್ಚಿ ಅಂಗಾಂಶವನ್ನು ಇದ್ದಲ್ಲೇ ಗಟ್ಟಿ ಮಾಡಿ ಪದರಪದರವಾಗಿ ತೆಗೆಯುತ್ತಿದ್ದರು. ನೋವು ಜಾಸ್ತಿ, ದಿನಗಳೂ ಹಿಡಿಯುತ್ತಿದ್ದವು. ಪೇಸ್ಟ್ ಬಿಟ್ಟು ತಾಜಾ ಅಂಗಾಂಶವನ್ನೇ ಹೆಪ್ಪುಗಟ್ಟಿಸಿ ನೋಡುವ ಕ್ರಮ 1970ರ ದಶಕದಲ್ಲಿ ರೂಢಿಗೆ ಬಂದ ಮೇಲೆ ಇದು ಒಂದೇ ದಿನದ ಕೆಲಸವಾಯಿತು.

ಅವತ್ತು ಏನು ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರ ಬಲ ಇರುವುದೇ ಅಲ್ಲಿ. ಅರಿವಳಿಕೆ ಕೊಟ್ಟು, ಕಣ್ಣಿಗೆ ಕಾಣುವ ಗಡ್ಡೆಯ ಸುತ್ತ ಒಂದೆರಡು ಮಿ.ಮೀ. ಮಾತ್ರ ಬಿಟ್ಟು, ಚಾಕುವನ್ನು ಓರೆಯಾಗಿ ಹಿಡಿದು ಬಟ್ಟಲಿನಾಕಾರದ ತೆಳು ಪದರ ತೆಗೆಯುತ್ತಾರೆ. ತೆಗೆಯುವ ಮೊದಲೇ ಚರ್ಮದ ಮೇಲೆ ಸಣ್ಣ ಕಚ್ಚು ಹಾಕಿ ದಿಕ್ಕಿನ ಗುರುತು ಮಾಡಿರುತ್ತಾರೆ. ತುಂಡಿನ ಒಂದೊಂದು ಅಂಚಿಗೆ ಒಂದೊಂದು ಬಣ್ಣದ ಶಾಯಿ ಹಚ್ಚಿ, ಕಾಗದದ ಮೇಲೆ ಅದರ ನಕ್ಷೆ ಬರೆಯುತ್ತಾರೆ. ಆಮೇಲೆ ಬಟ್ಟಲಿನ ಅಂಚುಗಳನ್ನು ಒತ್ತಿ ಚಪ್ಪಟೆ ಮಾಡಿ, ಪಕ್ಕದ ಅಂಚು, ತಳದ ಅಂಚು ಎರಡೂ ಒಂದೇ ಮಟ್ಟಕ್ಕೆ ಬರುವಂತೆ ಹೆಪ್ಪುಗಟ್ಟಿಸಿ ಕೆಳಗಿನಿಂದ ಪದರ ತೆಗೆಯುತ್ತಾರೆ. ಹೀಗಾಗಿ ಇಡೀ ಅಂಚು ಮೈಕ್ರೋಸ್ಕೋಪಿನ ಕೆಳಗೆ ಬರುತ್ತದೆ. ನೋಡುವವರು ಕತ್ತರಿಸಿದ ಡಾಕ್ಟರೇ. ಎಲ್ಲೋ ಒಂದು ಕಡೆ ನೀಲಿ ಶಾಯಿಯ ಹತ್ತಿರ ಗಡ್ಡೆ ಉಳಿದಿದ್ದರೆ ನಕ್ಷೆ ನೋಡಿ ಅಷ್ಟು ಜಾಗದಿಂದ ಮಾತ್ರ ಇನ್ನೊಂದು ಪದರ. ಒಂದೊಂದು ಸುತ್ತಿಗೂ ಒಂದು ಗಂಟೆ, ಕೆಲವೊಮ್ಮೆ ಜಾಸ್ತಿ. ಅಷ್ಟು ಹೊತ್ತು ನೀವು ಬ್ಯಾಂಡೇಜ್ ಹಾಕಿಕೊಂಡು ಹೊರಗೆ ಕೂತಿರುತ್ತೀರಿ. ಪೂರ್ತಿ ಸ್ವಚ್ಛ ಅಂತ ಖಚಿತವಾದ ಮೇಲೆ ಗಾಯ ಮುಚ್ಚುವ ಮಾತು.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಎಷ್ಟು? ಇದನ್ನು ಸರಿಯಾಗಿ ಪರೀಕ್ಷಿಸಿದ್ದು ನೆದರ್‌ಲ್ಯಾಂಡ್ಸ್‌ನ ಒಂದು ಟ್ರಯಲ್. ಮುಖದ ಮೇಲಿನ ಅಪಾಯದ ಬಿಸಿಸಿಗಳನ್ನೇ ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧ ಎಕ್ಸಿಷನ್‌ಗೆ, ಅರ್ಧ ಮೋಹ್ಸ್‌ಗೆ ಹಂಚಿದರು. ಮೊದಲ ಸಲ ಬಂದ ಗಡ್ಡೆಗಳು 408, ಮರಳಿ ಬಂದವು 204. ಹತ್ತು ವರ್ಷದ ಫಲಿತಾಂಶ 2014ರಲ್ಲಿ ಬಂತು. ಮೊದಲ ಸಲದ ಗಡ್ಡೆಗಳಲ್ಲಿ ಮತ್ತೆ ಬಂದದ್ದು ಮೋಹ್ಸ್‌ನಲ್ಲಿ ಶೇ. 4.4, ಎಕ್ಸಿಷನ್‌ನಲ್ಲಿ ಶೇ. 12.2. ವ್ಯತ್ಯಾಸ ದೊಡ್ಡದಾಗಿ ಕಂಡರೂ ಇದು ಆಕಸ್ಮಿಕ ಆಗಿರಲಿಕ್ಕಿಲ್ಲ ಅಂತ ಖಚಿತವಾಗಿ ಹೇಳುವಷ್ಟು ಬಲ ಆ ಅಂಕಿಗಳಿಗೆ ಇರಲಿಲ್ಲ. ಮರಳಿ ಬಂದ ಗಡ್ಡೆಗಳಲ್ಲಿ ಮೋಹ್ಸ್ ಶೇ. 3.9, ಎಕ್ಸಿಷನ್ ಶೇ. 13.5. ಇಲ್ಲಿ ಮೋಹ್ಸ್ ಸಂಶಯವಿಲ್ಲದೆ ಗೆದ್ದಿತು.

ಆ ಟ್ರಯಲ್ಲಿನಲ್ಲಿ ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಮೊದಲ ಸಲದ ಗಡ್ಡೆಗಳಲ್ಲಿ ಮರಳಿ ಬಂದವುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಐದು ವರ್ಷದ ನಂತರ. ಬಿಸಿಸಿ ಅಷ್ಟು ನಿಧಾನ. ಹಾಗಾದರೆ ಎರಡು ವರ್ಷ, ಮೂರು ವರ್ಷ ನೋಡಿ ನಮ್ಮ ವಿಧಾನದಲ್ಲಿ ಶೇ. 99 ಗುಣ ಅನ್ನುವ ಯಾವ ಅಧ್ಯಯನವನ್ನೂ ಅರ್ಧ ಮಾತ್ರ ನಂಬಬೇಕು ಅಲ್ವಾ? ಯಾವುದೇ ಚಿಕಿತ್ಸೆಯ ಅಂಕಿ ನೋಡುವಾಗ ಮೊದಲು ಎಷ್ಟು ವರ್ಷ ಹಿಂಬಾಲಿಸಿದ್ದಾರೆ ಅಂತ ನೋಡಿ.

ಮೋಹ್ಸ್‌ಗೂ ಮಿತಿಗಳಿವೆ. ತರಬೇತಿ ಪಡೆದ ಡಾಕ್ಟರ್, ಪಕ್ಕದಲ್ಲೇ ಲ್ಯಾಬ್ ಬೇಕು. ಖರ್ಚು ಜಾಸ್ತಿ. ಬೆನ್ನಿನ ಮೇಲಿನ ಚಿಕ್ಕ ನಾಡ್ಯುಲರ್ ಬಿಸಿಸಿಗೆ ಮೋಹ್ಸ್ ಮಾಡಿಸುವುದು ನನ್ನ ಪ್ರಕಾರ ಅನಗತ್ಯ. ಅಂಥ ಕಡೆ 4 ಮಿ.ಮೀ. ಬಿಟ್ಟು ತೆಗೆದರೆ ಮುಗಿಯಿತು. ಮೂಗು, ರೆಪ್ಪೆ, ತುಟಿ, ಕಿವಿಯ ಮೇಲಿನದಕ್ಕೆ, ಎಳೆಎಳೆಯಾಗಿ ಹಬ್ಬುವ ಉಪಬಗೆಗೆ, ಮರಳಿ ಬಂದದ್ದಕ್ಕೆ ಮಾತ್ರ ಅದು ಎಷ್ಟು ದೂರವಿದ್ದರೂ ಹೋಗುವಷ್ಟು ಬೆಲೆಯುಳ್ಳದ್ದು. ಮೋಹ್ಸ್ ಸಿಗದ ಕಡೆ ಇನ್ನೊಂದು ದಾರಿ ಇದೆ: ಎಕ್ಸಿಷನ್ ಮಾಡಿದ ತುಂಡಿನ ಸುತ್ತಲಿನ ಅಂಚು, ತಳದ ಅಂಚು ಪೂರ್ತಿ ನೋಡುವಂತೆ ಲ್ಯಾಬಿನಲ್ಲಿ ತುಂಡು ಪರೀಕ್ಷಿಸುವ ಪೆಥಾಲಜಿಸ್ಟ್‌ಗೆ ಕೇಳುವುದು, ರಿಪೋರ್ಟ್ ಬರುವವರೆಗೆ ಗಾಯ ತೆರೆದಿಡುವುದು. ದಿನ ಹೆಚ್ಚು ಹಿಡಿಯುತ್ತದೆ, ಆದರೆ ಉದ್ದೇಶ ಅದೇ.

ಕೆರೆದು ಸುಡುವುದು, ಹೆಪ್ಪುಗಟ್ಟಿಸುವುದು

ಕ್ಯುರೆಟ್ ಅನ್ನುವ ಉಂಗುರದಂಥ ಸಲಕರಣೆಯಿಂದ ಗಡ್ಡೆಯನ್ನು ಕೆರೆದು, ವಿದ್ಯುತ್ತಿನಿಂದ ತಳವನ್ನು ಸುಡುತ್ತಾರೆ. ಕೆಲವು ನಿಮಿಷದ ಕೆಲಸ. ಹೊಲಿಗೆ ಇಲ್ಲ. ವಾರಗಳಲ್ಲಿ ಒಣಗಿ ದುಂಡನೆಯ ಬಿಳಿ ಕಲೆ ಉಳಿಯುತ್ತದೆ. ಅಂಚನ್ನು ಯಾರೂ ನೋಡುವುದಿಲ್ಲ, ನೋಡಲು ಅಂಚೇ ಉಳಿದಿರುವುದಿಲ್ಲ. ಕೈಗೆ ಸಿಗುವ ಮೃದುತನವೇ ಡಾಕ್ಟರಿಗೆ ಸೂಚನೆ: ಗಡ್ಡೆ ಮೆತ್ತಗೆ ಬರುತ್ತದೆ, ಒಳ್ಳೆಯ ಚರ್ಮ ಗಟ್ಟಿಯಾಗಿ ತಡೆಯುತ್ತದೆ. ಕಡಿಮೆ ಅಪಾಯದ ಚಿಕ್ಕ ಗಡ್ಡೆಗೆ, ಕೈಕಾಲು, ಮುಂಡದ ಮೇಲೆ ಇದು ಒಳ್ಳೆಯದೇ. ತಲೆ, ಗಡ್ಡದಂಥ ಕೂದಲಿರುವ ಜಾಗದಲ್ಲಿ ಬೇಡ, ಯಾಕೆಂದರೆ ಗಡ್ಡೆ ಕೂದಲಿನ ಬುಡದ ಗುಂಟ ಕೆಳಗೆ ಇಳಿದಿರಬಹುದು. ಕೆರೆಯುತ್ತಾ ಕೊಬ್ಬಿನ ಪದರ ಕಂಡರೆ ಅಲ್ಲಿಗೆ ನಿಲ್ಲಿಸಿ ಎಕ್ಸಿಷನ್‌ಗೆ ಹೋಗಬೇಕು. ಮರಳಿ ಬಂದ ಬಿಸಿಸಿಗೆ ಇದನ್ನು ಒಪ್ಪಲೇಬೇಡಿ.

ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದೂ ಇದೇ ಗುಂಪಿಗೆ ಸೇರಿದ್ದು. ಕಪ್ಪು ಚರ್ಮದಲ್ಲಿ ಆ ಜಾಗ ಬೆಳ್ಳಗಾಗಿ ಹಾಗೇ ಉಳಿಯಬಹುದು. ಮುಖದ ಮೇಲಾದರೆ ಯೋಚಿಸಿ.

ಮುಲಾಮು ಮತ್ತು ಬೆಳಕು

ಕತ್ತರಿ ಅಂದರೆ ಹೆದರುವವರಿಗೆ ಇದು ಆಸೆ ಹುಟ್ಟಿಸುತ್ತದೆ. ಸಂಶೋಧನೆಯೂ ಚೆನ್ನಾಗಿ ನಡೆದಿದೆ, ಆದ್ದರಿಂದ ಅಂದಾಜಿನಲ್ಲಿ ಮಾತಾಡಬೇಕಾಗಿಲ್ಲ.

ಬ್ರಿಟನ್ನಿನ ಒಂದು ಟ್ರಯಲ್ಲಿನಲ್ಲಿ 501 ಜನರನ್ನು ಇಮಿಕ್ವಿಮಾಡ್ ಮುಲಾಮು ಮತ್ತು ಎಕ್ಸಿಷನ್ ನಡುವೆ ಹಂಚಿದರು. ಎಲ್ಲ ಕಡಿಮೆ ಅಪಾಯದ ಬಿಸಿಸಿಗಳು. ಐದು ವರ್ಷಕ್ಕೆ ಯಶಸ್ಸು ಮುಲಾಮಿನಲ್ಲಿ ಶೇ. 82.5, ಎಕ್ಸಿಷನ್‌ನಲ್ಲಿ ಶೇ. 97.7. ಸೋತದ್ದು ಮುಲಾಮೇ. ಆದರೂ ಐವರಲ್ಲಿ ನಾಲ್ವರು ಚಾಕು ಇಲ್ಲದೆ ಪಾರಾದರು ಅನ್ನುವುದೂ ಅಷ್ಟೇ ನಿಜ.

ಮುಲಾಮುಗಳ ನಡುವೆಯೇ ಹೋಲಿಸಿದ್ದು ಮತ್ತೆ ಡಚ್ಚರು. 601 ಜನ, ಎಲ್ಲ ಸೂಪರ್‌ಫಿಶಿಯಲ್ ಬಿಸಿಸಿ. ಐದು ವರ್ಷಕ್ಕೆ ಗಡ್ಡೆ ಇಲ್ಲದೆ ಉಳಿದವರು ಇಮಿಕ್ವಿಮಾಡ್‌ನಲ್ಲಿ ಶೇ. 80.5, ಫೈವ್ ಫ್ಲೋರೋಯುರಾಸಿಲ್ ಕ್ರೀಮಿನಲ್ಲಿ ಶೇ. 70, ಕ್ರೀಮ್ ಹಚ್ಚಿ ಕೆಂಪು ಬೆಳಕು ಬಿಡುವ ಫೋಟೋಡೈನಮಿಕ್ ಥೆರಪಿಯಲ್ಲಿ ಶೇ. 62.7. ಬೆಳಕಿನ ಚಿಕಿತ್ಸೆ ನೋಡಲು ಆಧುನಿಕ, ಕಲೆಯೂ ಕಡಿಮೆ. ಆದರೆ ಮೂವರಲ್ಲಿ ಕೊನೆಯ ಸ್ಥಾನ ಅದಕ್ಕೇ.

ಇಮಿಕ್ವಿಮಾಡ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರು ವಾರ. ಮೂರನೇ ವಾರದ ಹೊತ್ತಿಗೆ ಆ ಜಾಗ ಕೆಂಪಗಾಗಿ, ಹುಣ್ಣಾಗಿ, ಹಕ್ಕಳೆ ಕಟ್ಟಬಹುದು. ಇದು ಔಷಧಿ ಕೆಲಸ ಮಾಡುವ ರೀತಿ, ಆದರೆ ಗೊತ್ತಿಲ್ಲದವರು ಹೆದರಿ ಅರ್ಧಕ್ಕೆ ಬಿಡುತ್ತಾರೆ. ಅರ್ಧಕ್ಕೆ ಬಿಟ್ಟರೆ ಮೇಲೆ ಚರ್ಮ ಕೂಡಿಕೊಂಡು ಒಳಗೆ ಗಡ್ಡೆ ಉಳಿಯಬಹುದು. ಆರು ವಾರ ಬಿಡದೆ ಹಚ್ಚುತ್ತೇನೆ, ಆಮೇಲೆ ವರ್ಷಗಟ್ಟಲೆ ತೋರಿಸಿಕೊಳ್ಳುತ್ತೇನೆ ಅನ್ನುವವರಿಗೆ, ಅದೂ ಸೂಪರ್‌ಫಿಶಿಯಲ್ ಬಿಸಿಸಿಗೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ. ಒಳಗೆ ಇಳಿದ ಎಸ್‌ಸಿಸಿಗೆ ಮುಲಾಮಿನ ಮಾತೇ ಬೇಡ.

ರೇಡಿಯೇಷನ್

ಫ್ರಾನ್ಸಿನಲ್ಲಿ 347 ಜನರ ಮೇಲೆ ನಡೆದ ಟ್ರಯಲ್ 1997ರಲ್ಲಿ ಪ್ರಕಟವಾಯಿತು. ಮುಖದ ಮೇಲಿನ, 4 ಸೆಂ.ಮೀ.ಗಿಂತ ಚಿಕ್ಕ ಬಿಸಿಸಿಗಳು. ನಾಲ್ಕು ವರ್ಷಕ್ಕೆ ವಿಫಲವಾದದ್ದು ಸರ್ಜರಿಯಲ್ಲಿ ಶೇ. 0.7, ರೇಡಿಯೇಷನ್‌ನಲ್ಲಿ ಶೇ. 7.5. ನೋಟದಲ್ಲೂ ಸರ್ಜರಿಯೇ ಮೇಲಾಯಿತು. ಕತ್ತರಿಸಿದರೆ ಕಲೆ, ಕಿರಣ ಬಿಟ್ಟರೆ ಕಲೆ ಇಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ನಿಜದಲ್ಲಿ ಸರ್ಜರಿಯ ಕಲೆ ವರ್ಷ ಕಳೆದ ಹಾಗೆ ಮಾಸುತ್ತದೆ, ರೇಡಿಯೇಷನ್ನಿನದು ವರ್ಷ ಕಳೆದ ಹಾಗೆ ಎದ್ದು ಕಾಣುತ್ತದೆ. ಚರ್ಮ ತೆಳುವಾಗಿ, ಬಣ್ಣ ಬದಲಾಗಿ, ಸಣ್ಣ ರಕ್ತನಾಳಗಳು ಮೇಲೆ ಬರುತ್ತವೆ. ಅದೇ ಕಾರಣಕ್ಕೆ ಚಿಕ್ಕ ವಯಸ್ಸಿನವರಿಗೆ ಇದು ಮೊದಲ ಆಯ್ಕೆ ಆಗುವುದಿಲ್ಲ. ಆಪರೇಷನ್ ತಾಳಿಕೊಳ್ಳಲಾರದ ಹಿರಿಯರಿಗೆ, ಮತ್ತು ನರದ ಸುತ್ತ ಹಬ್ಬಿದ ಎಸ್‌ಸಿಸಿಗೆ ಆಪರೇಷನ್ ನಂತರ ಸೇರಿಸಲು ಇದು ಉಪಯೋಗ. ಗೋರ್ಲಿನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಮೈತುಂಬ ಬಿಸಿಸಿ ಏಳುವ ಸ್ಥಿತಿ) ಇರುವವರಿಗೆ ಕೊಡಬಾರದು, ಕಿರಣ ಬಿದ್ದಲ್ಲೇ ಹೊಸ ಗಡ್ಡೆಗಳು ಏಳುತ್ತವೆ.

ಅಂಕಿಗಳಲ್ಲಿ ಎಡವುವ ಜಾಗ

ಇದುವರೆಗೆ ಹೇಳಿದ ಟ್ರಯಲ್‌ಗಳೆಲ್ಲ ಬಿಸಿಸಿಯವು. ಎಸ್‌ಸಿಸಿಗೆ ಹೀಗೆ ಚೀಟಿ ಎತ್ತಿ ಹಂಚಿದ ದೊಡ್ಡ ಹೋಲಿಕೆಯ ಬಲ ಇಲ್ಲ. ಇರುವುದು ಆಸ್ಪತ್ರೆಗಳು ತಮ್ಮ ರೋಗಿಗಳನ್ನು ಹಿಂಬಾಲಿಸಿ ಬರೆದ ವರದಿಗಳು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಂಥ 118 ಪ್ರಕಟಣೆಗಳನ್ನು ಒಟ್ಟುಗೂಡಿಸಿದ ಲೇಖನ ಬಂತು. ಅದೇ ಜಾಗಕ್ಕೆ ಮತ್ತೆ ಬಂದ ಪ್ರಮಾಣ ಹೀಗಿತ್ತು: ಮೋಹ್ಸ್ ಶೇ. 3, ಎಕ್ಸಿಷನ್ ಶೇ. 5.4, ರೇಡಿಯೇಷನ್ ಶೇ. 6.4, ಕೆರೆದು ಸುಟ್ಟದ್ದು ಶೇ. 1.7, ಹೆಪ್ಪುಗಟ್ಟಿಸಿದ್ದು ಶೇ. 0.8.

ಇಷ್ಟನ್ನೇ ನೋಡಿದರೆ ಏನನ್ನಿಸುತ್ತದೆ? ಹೆಪ್ಪುಗಟ್ಟಿಸುವುದೇ ಎಲ್ಲಕ್ಕಿಂತ ಮೇಲು, ಮೋಹ್ಸ್ ಯಾಕೆ ಬೇಕು? ಹಾಗಲ್ಲ. ದ್ರವ ಸಾರಜನಕದ ಮುಂದೆ ಕೂತವರು ಯಾರು ಅಂತ ಕೇಳಿ. ಚಿಕ್ಕ, ಮೇಲ್ಮೈಯ, ಕಡಿಮೆ ಅಪಾಯದ ಗಡ್ಡೆ ಇದ್ದವರು. ಮೋಹ್ಸ್ ಮೇಜಿನ ಮೇಲೆ ಮಲಗಿದವರು ಯಾರು? ಕಿವಿ, ತುಟಿ, ಮೂಗಿನ ಮೇಲೆ ದೊಡ್ಡದು, ಮರಳಿ ಬಂದದ್ದು ಇದ್ದವರು. ಕಷ್ಟದ ಗಡ್ಡೆಗಳನ್ನೇ ಎತ್ತಿಕೊಂಡೂ ಶೇ. 3ಕ್ಕೆ ನಿಲ್ಲಿಸಿದ್ದು ಮೋಹ್ಸ್‌ನ ಸಾಧನೆ. ಸುಲಭದ ಗಡ್ಡೆಗಳನ್ನು ಸರಿಯಾಗಿ ಆರಿಸಿದರೆ ಸರಳ ಚಿಕಿತ್ಸೆಯೂ ಬಹಳ ಚೆನ್ನಾಗಿ ನಡೆಯುತ್ತದೆ ಅನ್ನುವುದು ಎರಡನೇ ಪಾಠ. ಚಿಕಿತ್ಸೆಗಳನ್ನು ಶೇಕಡಾವಾರು ಸಾಲಾಗಿ ಹಾಕಿದ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ. ಒಂದೊಂದು ಸಾಲಿನ ಹಿಂದೆ ಯಾವ ಗಡ್ಡೆಗಳಿದ್ದವು ಅಂತ ಹೇಳದ ಪಟ್ಟಿಯನ್ನು ಪಕ್ಕಕ್ಕಿಡಿ.

ಏನೂ ಮಾಡದಿರುವುದು

ಇದೂ ಒಂದು ಆಯ್ಕೆ. ತೊಂಬತ್ತರ ಹತ್ತಿರದ, ಬೇರೆ ಗಂಭೀರ ಕಾಯಿಲೆಗಳಿರುವ ಹಿರಿಯರ ಬೆನ್ನಿನ ಮೇಲೆ, ನೋವೂ ಇಲ್ಲದ, ರಕ್ತವೂ ಬಾರದ ಚಿಕ್ಕ ಬಿಸಿಸಿ ಇದ್ದರೆ ಅದನ್ನು ತೆಗೆಯಲೇಬೇಕಾ? ಅಮೆರಿಕದಲ್ಲಿ 1,500ಕ್ಕೂ ಹೆಚ್ಚು ರೋಗಿಗಳನ್ನು ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಯಸ್ಸು ಕಡಿಮೆ ಉಳಿದಿದೆ ಅಂತ ಅಂದಾಜಿಸಿದವರಿಗೂ ಉಳಿದವರಷ್ಟೇ ಆಪರೇಷನ್ ಆಗಿದ್ದವು. ಅವರಲ್ಲಿ ಶೇ. 43ರಷ್ಟು ಜನ ಐದು ವರ್ಷದೊಳಗೆ ತೀರಿಕೊಂಡರು, ಯಾರೂ ಈ ಕ್ಯಾನ್ಸರಿನಿಂದಲ್ಲ. ಮೂರು ತಿಂಗಳಿಗೊಮ್ಮೆ ಅಳತೆ ತೆಗೆದು, ಫೋಟೋ ತೆಗೆದು ನೋಡುತ್ತಿರೋಣ ಅನ್ನುವುದು ಅಂಥವರಿಗೆ ಕೈಬಿಟ್ಟ ಹಾಗಲ್ಲ. ಮನೆಯವರು ಡಾಕ್ಟರ್ ಹತ್ತಿರ ಈ ಮಾತನ್ನು ಬಾಯಿಬಿಟ್ಟು ಕೇಳಬೇಕು, ಕೇಳದಿದ್ದರೆ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಎಸ್‌ಸಿಸಿಗೆ ಮಾತ್ರ ಈ ಧೈರ್ಯ ಬೇಡ, ಅದು ವೇಗವಾಗಿ ಬೆಳೆದು ನೋವು ಕೊಡಬಲ್ಲದು.

ಆಪರೇಷನ್ ಮೀರಿ ಹೋದರೆ

ಕತ್ತರಿಸಲು ಆಗದ ಹಂತಕ್ಕೆ ಹೋದ ಬಿಸಿಸಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಿಸ್ಮೋಡೆಗಿಬ್ ಮಾತ್ರೆ ಇದೆ. ಸ್ನಾಯು ಹಿಡಿತ, ಕೂದಲು ಉದುರುವುದು, ರುಚಿ ಹೋಗುವುದು ಇದರ ಜೊತೆಗೇ ಬರುತ್ತವೆ. ಎಸ್‌ಸಿಸಿಗೆ 2018ರಲ್ಲಿ ಬಂದ ಸೆಮಿಪ್ಲಿಮಾಬ್ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಔಷಧಿ, ಚಿತ್ರವನ್ನೇ ಬದಲಿಸಿತು. 2022ರ ಅಧ್ಯಯನದಲ್ಲಿ ಮುಂದುವರಿದ ಎಸ್‌ಸಿಸಿ ಇದ್ದ 79 ಜನರಿಗೆ ಆಪರೇಷನ್ನಿಗೆ ಮೊದಲು ಇದನ್ನು ಕೊಟ್ಟರು. ಆಮೇಲೆ ತೆಗೆದು ನೋಡಿದಾಗ ಶೇ. 51 ಜನರಲ್ಲಿ ಜೀವಂತ ಗಡ್ಡೆಯೇ ಉಳಿದಿರಲಿಲ್ಲ. ಮುಖದ ದೊಡ್ಡ ಭಾಗವನ್ನೇ ತೆಗೆಯಬೇಕು ಅಂತ ಯಾರಿಗಾದರೂ ಹೇಳಿದ್ದರೆ, ಮೊದಲು ಈ ಔಷಧಿಯ ಬಗ್ಗೆ ಕ್ಯಾನ್ಸರ್ ತಜ್ಞರನ್ನು ಕೇಳದೆ ಒಪ್ಪಬೇಡಿ. ಕಸಿ ಮಾಡಿದ ಅಂಗ ಇರುವವರಿಗೆ ಮಾತ್ರ ಇದು ಅಪಾಯ, ದೇಹ ಆ ಅಂಗವನ್ನು ತಿರಸ್ಕರಿಸಬಹುದು.

ನಾನಾದರೆ

ಬೆನ್ನು, ತೋಳು, ಕಾಲಿನ ಮೇಲೆ ಚಿಕ್ಕ ನಾಡ್ಯುಲರ್ ಬಿಸಿಸಿ: ಎಕ್ಸಿಷನ್. ಅಲ್ಲೇ ಸೂಪರ್‌ಫಿಶಿಯಲ್ ಇದ್ದು ಹೊಲಿಗೆ ಬೇಡ ಅನ್ನಿಸಿದರೆ ಇಮಿಕ್ವಿಮಾಡ್, ಇಲ್ಲವೇ ಕೆರೆದು ಸುಡುವುದು. ಮೂಗು, ರೆಪ್ಪೆ, ತುಟಿ, ಕಿವಿಯ ಮೇಲೆ ಯಾವುದೇ ಬಿಸಿಸಿ ಅಥವಾ ಎಸ್‌ಸಿಸಿ: ಮೋಹ್ಸ್, ಸಿಗದಿದ್ದರೆ ಪೂರ್ತಿ ಅಂಚು ನೋಡುವ ಎಕ್ಸಿಷನ್. ಎಲ್ಲಿದ್ದರೂ ಮರಳಿ ಬಂದದ್ದಾದರೆ ಅದೇ. ತೋಳಿನ ಮೇಲಿನ ಚಿಕ್ಕ, ಕಡಿಮೆ ಅಪಾಯದ ಎಸ್‌ಸಿಸಿಗೆ 4ರಿಂದ 6 ಮಿ.ಮೀ. ಬಿಟ್ಟ ಎಕ್ಸಿಷನ್ ಸಾಕು. ಅಪಾಯದ ಲಕ್ಷಣಗಳು ಒಂದಕ್ಕಿಂತ ಹೆಚ್ಚಿದ್ದರೆ ಲಿಂಫ್ ಗ್ರಂಥಿಗಳ ಸ್ಕ್ಯಾನ್ ಬೇಕಾ ಅಂತ ಆಪರೇಷನ್ನಿಗೆ ಮೊದಲೇ ಕೇಳುತ್ತೇನೆ. ರಕ್ತ ತೆಳು ಮಾಡುವ ಮಾತ್ರೆಯನ್ನು ಇಂಥ ಚಿಕ್ಕ ಸರ್ಜರಿಗೆ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಯಾರೋ ಹೇಳಿದರು ಅಂತ ನೀವಾಗಿ ನಿಲ್ಲಿಸಲೇಬೇಡಿ, ಪಾರ್ಶ್ವವಾಯುವಿನ ಅಪಾಯ ಗಾಯದಿಂದ ಸ್ವಲ್ಪ ರಕ್ತ ಬರುವುದಕ್ಕಿಂತ ಬಹಳ ದೊಡ್ಡದು.

ಆಪರೇಷನ್ ಆದ ಮೇಲೂ ಬಿಡುವಂತಿಲ್ಲ. ಒಂದು ಬಿಸಿಸಿ ಬಂದವರಿಗೆ ಮೂರು ವರ್ಷದೊಳಗೆ ಇನ್ನೊಂದು ಬಿಸಿಸಿ ಬರುವ ಸಾಧ್ಯತೆ ಸುಮಾರು ಶೇ. 44 ಅಂತ 2000ದಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬರ್‌ನಲ್ಲಿ ನಡೆದ ಟ್ರಯಲ್ಲಿನಲ್ಲಿ ದಿನಾ ಸನ್‌ಸ್ಕ್ರೀನ್ ಹಚ್ಚಿದವರಿಗೆ ಎಸ್‌ಸಿಸಿ ಗಡ್ಡೆಗಳು ಸುಮಾರು ಶೇ. 40 ಕಡಿಮೆ ಬಂದವು, ಬಿಸಿಸಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪದೇಪದೇ ಗಡ್ಡೆ ಬರುತ್ತಿದ್ದ 386 ಜನರಿಗೆ ನಿಕೋಟಿನಮೈಡ್ ಅನ್ನುವ ವಿಟಮಿನ್ ಬಿ3 ಮಾತ್ರೆ ಅಥವಾ ಹುಸಿ ಮಾತ್ರೆ ಕೊಟ್ಟ 2015ರ ಟ್ರಯಲ್ಲಿನಲ್ಲಿ, ಒಂದು ವರ್ಷಕ್ಕೆ ಹೊಸ ಗಡ್ಡೆಗಳು ಶೇ. 23 ಕಡಿಮೆಯಾದವು. ಮಾತ್ರೆ ನಿಲ್ಲಿಸಿದ ಮೇಲೆ ಆ ಲಾಭವೂ ನಿಂತಿತು.

ತಪಾಸಣೆಗೆ ಹೋದಾಗ ಹಳೆಯ ಕಲೆಯನ್ನಷ್ಟೇ ತೋರಿಸಿ ಬರಬೇಡಿ. ತಲೆಯ ಚರ್ಮದಿಂದ ಅಂಗಾಲಿನವರೆಗೆ ಪೂರ್ತಿ ನೋಡಲು ಹೇಳಿ. ಎಸ್‌ಸಿಸಿ ಇದ್ದವರು ಕುತ್ತಿಗೆ, ಕಂಕುಳ, ತೊಡೆಸಂದಿಯ ಗ್ರಂಥಿಗಳನ್ನೂ ಮುಟ್ಟಿ ನೋಡಿಸಿಕೊಳ್ಳಬೇಕು. ಪೆಥಾಲಜಿ ರಿಪೋರ್ಟಿನ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ. ಉಪಬಗೆ, ಅಂಚಿನ ಸ್ಥಿತಿ, ಅತಿ ಹತ್ತಿರದ ಅಂಚು ಎಷ್ಟು ಮಿ.ಮೀ. ದೂರ ಅನ್ನುವ ಮೂರೂ ಅದರಲ್ಲಿ ಇವೆಯಾ ಅಂತ ಅದು ಕೈಗೆ ಬಂದ ದಿನವೇ ನೋಡಿಕೊಳ್ಳಿ. ಇಲ್ಲದಿದ್ದರೆ ಲ್ಯಾಬಿಗೆ ಕೇಳಿ ಬರೆಸಿಕೊಳ್ಳಿ. ಎಂಟು ವರ್ಷದ ನಂತರ ಅದೇ ಜಾಗದಲ್ಲಿ ಏನಾದರೂ ಕಂಡರೆ ಹೊಸ ಡಾಕ್ಟರ್ ಮೊದಲು ಕೇಳುವುದು ಅದೇ ಕಾಗದವನ್ನು.